ಅನುಮಾನದ ಮೇಷ್ಟ್ರು ನಡೆಸಿದ ಚುನಾವಣೆ

ಮೇಷ್ಟ್ರು ತೀರಿಕೊಂಡರೆಂಬ ಸುದ್ದಿ ನಮ್ಮ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ನಾನು ಗೌರಿಬಿದನೂರು ಕೋರ್ಟಿನ ಹೊರಗೆ ನಿಂತು ಕಕ್ಷಿದಾರರೊಬ್ಬರಿಗೆ ಮುಂದಿನ ವಾಯಿದೆ ಹೇಳುತ್ತಿದ್ದೆ. ಸುದ್ದಿಯ ಕೆಳಗೆ ಆಗಲೇ ಕೈಮುಗಿದ ಚಿತ್ರಗಳು ಸಾಲುಗಟ್ಟಿದ್ದವು. ನಾನು ಕೈಮುಗಿಯಲಿಲ್ಲ. ಇದನ್ನು ಹಾಕಿದವನು ಯಾರು, ಅವನಿಗೆ ಹೇಳಿದವರು ಯಾರು ಎಂದು ನೋಡಿದೆ. ಹಾಕಿದವನು ಚಿಂತಾಮಣಿಯಲ್ಲಿ ಟೊಮೇಟೊ ಮಂಡಿ ಇಟ್ಟುಕೊಂಡಿರುವ ನಮ್ಮ ಸಹಪಾಠಿ. ಮಂಚೇನಹಳ್ಳಿಯ ಸಾವು ಚಿಂತಾಮಣಿಯವನಿಗೆ ನನಗಿಂತ ಮೊದಲು ಹೇಗೆ ಗೊತ್ತಾಯಿತು? ಫೋನ್ ಮಾಡಿದೆ. "ಶಿಡ್ಲಘಟ್ಟದಲ್ಲಿರೋ ಅವರ ಅಳಿಯ ಹೇಳಿದ್ರು ಕಣೇ" ಅಂದ. ಅಳಿಯನ ನಂಬರು ಇಸಕೊಂಡು ಅವರಿಗೂ ಮಾಡಿದೆ. ಅವರು ಬಿಕ್ಕುತ್ತಾ ಹೌದು ಅಂದರು. ಆಗ ನಂಬಿದೆ. ಕೋರ್ಟಿನ ಕಟ್ಟೆಯ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಸಾವನ್ನೂ ಎರಡು ಕಡೆ ವಿಚಾರಿಸಿ ನಂಬುವ ಈ ಬುದ್ಧಿಯನ್ನು ನನಗೆ ಕಲಿಸಿದವರು ಅವರೇ. ವಕೀಲಳಾಗಿ ನಾನು ತಿನ್ನುವ ಅನ್ನ ಈ ಬುದ್ಧಿಯದೇ. ಪಾಟೀಸವಾಲಿಗೆ ನಿಂತರೆ ಸಾಕ್ಷಿಯ ಮುಖದಲ್ಲಿ ಒಂದು ಗೆರೆ ಅಲುಗಿದರೂ ನನಗೆ ಕಾಣುತ್ತದೆ. ಹಾಗೆಯೇ ನನಗೆ ಸಿಗಬೇಕಾಗಿದ್ದ ಚುನಾವಣೆಯ ಟಿಕೆಟ್ಟನ್ನು ತಿಂದು ಹಾಕಿದ್ದೂ ಅವರ ಅನುಮಾನವೇ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರೆ. ಹಾಗೆ ಅಂದವರು ಯಾರು ಎಂದು ಮೇಷ್ಟ್ರು ಇದ್ದಿದ್ದರೆ ಕೇಳುತ್ತಿದ್ದರು. ಆದ್ದರಿಂದ ಎರಡನ್ನೂ ಹೇಳುತ್ತೇನೆ.

ಅವರು ಗೌರಿಬಿದನೂರಿನ ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಉಪನ್ಯಾಸಕರು. ಈಗ ತಾಲ್ಲೂಕಾಗಿರುವ ಮಂಚೇನಹಳ್ಳಿಯಲ್ಲಿ ಮನೆ. ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯಾಗುವವರೆಗೆ ಒಂದೇ ರಸ್ತೆ, ಒಂದೇ ಹೊತ್ತಿನ ಬಸ್ಸು. ಬಸ್ಸಿನ ಹಣೆಯ ಮೇಲೆ ಊರಿನ ಹೆಸರು ದಪ್ಪಕ್ಷರದಲ್ಲಿ ಬರೆದಿದ್ದರೂ ಹತ್ತುವ ಮೊದಲು ಕಂಡಕ್ಟರನ್ನು, "ಮಂಚೇನಹಳ್ಳಿಗೇ ಹೋಗುತ್ತೇನಪ್ಪ ಇದು?" ಎಂದು ಕೇಳುವುದು ತಪ್ಪುತ್ತಿರಲಿಲ್ಲ. ಕಂಡಕ್ಟರ್ ಹೌದು ಅಂದ ಮೇಲೆ ಒಳಗೆ ಕೂತವರಲ್ಲಿ ಒಬ್ಬರನ್ನು ಹುಡುಕಿ ಅವರನ್ನೂ ಕೇಳುತ್ತಿದ್ದರು. ಕಂಡಕ್ಟರುಗಳೂ ಕಿಡಿಗೇಡಿಗಳು. ಒಂದು ದಿನ ಒಬ್ಬ, "ಇಲ್ಲ ಸಾರ್, ಇವತ್ತು ಕಾಶಿಗೆ" ಅಂದ. ಮೇಷ್ಟ್ರು ನಗಲಿಲ್ಲ. ಕೆಳಗಿಳಿದು ಬೋರ್ಡು ಇನ್ನೊಮ್ಮೆ ಓದಿ ಬಂದು ಕೂತರು.

ಏನೇ ಸುದ್ದಿ ಕೇಳಲಿ, ಬಲಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಕತ್ತು ವಾಲಿಸುತ್ತಿದ್ದರು. ಕ್ಲಾಸಿನಲ್ಲಿ ಅಚ್ಚಗನ್ನಡ ಮಾತಾಡುವ ಮನುಷ್ಯನಿಗೆ ಅನುಮಾನ ಬಂದ ಕೂಡಲೇ ಮನೆಯ ತೆಲುಗು ಬಾಯಿಗೆ ಬರುತ್ತಿತ್ತು. "ಎವರು ಚೆಪ್ಪಿಂದಿ?" ಯಾರು ಹೇಳಿದ್ದು ಅಂತ. ನಾಳೆ ರಜೆ ಅಂದರೂ ಅದೇ, ಪಕ್ಕದ ಮನೆಯವರ ಹಸು ಕರು ಹಾಕಿತು ಅಂದರೂ ಅದೇ. ಅವರ ಹೆಂಡತಿ, ನಾವು ಅಮ್ಮ ಎಂದು ಕರೆಯುತ್ತಿದ್ದ ಮಹಾತಾಯಿ, ನಮ್ಮ ಮುಂದೆಯೇ ಅವರನ್ನು ಆಡಿಕೊಳ್ಳುತ್ತಿದ್ದರು. "ಮದುವೆ ಮನೇಲಿ ಇವಳೇ ಹುಡುಗಿನಾ ಅಂತ ನಮ್ಮಣ್ಣನ್ನ ಒಂದು ಸಲ, ಪುರೋಹಿತರನ್ನ ಒಂದು ಸಲ ಕೇಳಿನೇ ತಾಳಿ ಕಟ್ಟಿದ್ದು ಇವರು. ನಾನು ಕತ್ತು ಬಗ್ಗಿಸ್ಕೊಂಡು ಕಾಯ್ತಾ ಇದೀನಿ." ಮೇಷ್ಟ್ರು ಅದನ್ನು ಅಲ್ಲಗಳೆಯುತ್ತಿರಲಿಲ್ಲ. "ಮುಖದ ಮೇಲೆ ಅಷ್ಟು ಹೂವಿದ್ರೆ ಹೆಂಗಮ್ಮ ಗೊತ್ತಾಗ್ಬೇಕು" ಅನ್ನುತ್ತಿದ್ದರು.

ಚಿಕ್ಕಬಳ್ಳಾಪುರದಲ್ಲಿ ಅವರ ಕಣ್ಣಿನ ಪೊರೆ ತೆಗೆಸುವಾಗ ನಾನೂ ಹೋಗಿದ್ದೆ. ಒಳಗೆ ಕರೆದುಕೊಂಡು ಹೋಗಲು ಬಂದ ನರ್ಸಮ್ಮ ಅವರ ಮುಖ ನೋಡಿ ಬೆಚ್ಚಿದಳು. ಎಡಗಣ್ಣಿನ ಮೇಲೆ, ಹುಬ್ಬಿನ ಪಕ್ಕ, ಬಾಲ್‌ಪೆನ್ನಿನಲ್ಲಿ ಒಂದು ಬಾಣದ ಗುರುತು. ಬಚ್ಚಲುಮನೆಯ ಕನ್ನಡಿಯಲ್ಲಿ ನೋಡಿಕೊಂಡು ತಾವೇ ಬರೆದುಕೊಂಡಿದ್ದರು. "ಡಾಕ್ಟರಿಗೆ ಗೊತ್ತಿದೆ ಸಾರ್ ಯಾವ ಕಣ್ಣು ಅಂತ" ಅಂದಳು ಅವಳು. "ಗೊತ್ತಿದ್ರೆ ಒಳ್ಳೇದೇ ಅಲ್ವಾ. ಇದೂ ಒಂದು ಇದ್ದರೆ ನಷ್ಟ ಏನು?" ಅಂದರು. ಬಾಣದ ಸಮೇತ ಒಳಗೆ ಹೋದರು.

ನಿವೃತ್ತಿಯ ದಿನದ ಸನ್ಮಾನವನ್ನಂತೂ ಕಾಲೇಜಿನವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಶಾಲು ಹೊದಿಸಿ, ಮೈಸೂರು ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟು, ಎರಡು ಮಾತಾಡಿ ಸಾರ್ ಎಂದು ಮೈಕು ಕೊಟ್ಟರೆ ಇವರು ಕೇಳಿದ್ದು: "ಈ ಕಾರ್ಯಕ್ರಮ ಇಡಬೇಕು ಅಂತ ಮೊದಲು ಬಾಯಿ ಬಿಟ್ಟೋರು ಯಾರು?" ಪ್ರಿನ್ಸಿಪಾಲರು ನಗುತ್ತಾ ಎಲ್ಲರೂ ಸಾರ್ ಅಂದರು. "ಎಲ್ಲರೂ ಅಂದ್ರೆ ಯಾರೂ ಅಲ್ಲ ಅಂತ ಅರ್ಥ. ಯಾರೋ ಒಬ್ಬರು ಮೊದಲು ಹೇಳಿರ್ತಾರೆ" ಎಂದು ಮೈಕು ವಾಪಸ್ ಕೊಟ್ಟು ಕೂತರು. ಅದೇ ಅವರ ವಿದಾಯ ಭಾಷಣ.

ಈ ಪ್ರಶ್ನೆ ಅವರ ಬಾಯಿಗೆ ಹತ್ತಿದ್ದು ಅಮೆರಿಕದಿಂದ ಅಂದರೆ ನೀವು ನಂಬಲಿಕ್ಕಿಲ್ಲ.

ನಮ್ಮ ಪಠ್ಯದಲ್ಲಿ ಅಮೆರಿಕದ ಅಧ್ಯಕ್ಷರ ಚುನಾವಣೆಗೆ ಒಂದು ಪುಟದಷ್ಟೂ ಜಾಗವಿರಲಿಲ್ಲ. ಅವರು ಅದನ್ನು ವಾರಗಟ್ಟಲೆ ಎಳೆಯುತ್ತಿದ್ದರು. "ಪುಸ್ತಕದೋರು ಏನ್ ಹೇಳ್ತಾರೆ? ನವೆಂಬರಲ್ಲಿ ಜನ ಓಟು ಹಾಕ್ತಾರೆ, ಅಧ್ಯಕ್ಷರು ಬರ್ತಾರೆ ಅಂತಾರೆ. ಇಬ್ಬರನ್ನ ತಂದು ಮುಂದೆ ನಿಲ್ಲಿಸಿ, ಇವರಲ್ಲೊಬ್ಬರನ್ನ ಆರಿಸ್ಕೊ ಅಂದ್ರೆ ಅದೇನು ಆರಿಸೋದು? ಆ ಇಬ್ಬರನ್ನ ನಿಲ್ಲಿಸಿದೋರು ಯಾರು? ಗೆದ್ದೋರು ಯಾರು ಅಂತ ಕೇಳಬೇಡಿ ಕಣ್ರಪ್ಪ. ನಿಲ್ಲಿಸಿದೋರು ಯಾರು ಅಂತ ಕೇಳಿ."

ಆಮೇಲೆ ಅಂಗಿಯ ಜೇಬಿನಿಂದ ಸೀಮೆಸುಣ್ಣ ತೆಗೆದು ಬೋರ್ಡಿನ ತುಂಬಾ ಸಣ್ಣ ದೊಡ್ಡ ಸೊನ್ನೆಗಳನ್ನು ಬರೆಯುತ್ತಿದ್ದರು. ಒಂದೊಂದು ಸೊನ್ನೆ ಒಂದೊಂದು ರಾಜ್ಯ. ಒಂದು ಕಾಲದಲ್ಲಿ ಅಲ್ಲಿಯೂ ಪಕ್ಷದ ನಾಲ್ಕಾರು ಯಜಮಾನರು ಬಾಗಿಲು ಹಾಕಿಕೊಂಡು ಕೂತು, ಚುಟ್ಟಾ ಸೇದುತ್ತಾ ಇವನನ್ನು ನಿಲ್ಲಿಸೋಣ ಎಂದು ತೀರ್ಮಾನ ಮಾಡುತ್ತಿದ್ದರಂತೆ. ಜನ ಸಿಟ್ಟಿಗೆದ್ದು, ನಮ್ಮನ್ನು ಕೇಳದೆ ನಿಲ್ಲಿಸುವುದು ಯಾವ ನ್ಯಾಯ ಅಂದ ಮೇಲೆ ಪ್ರೈಮರಿ ಎಂಬ ಪದ್ಧತಿ ಬಲವಾಯಿತು. ನಮ್ಮ ಪಕ್ಷದಿಂದ ಯಾರು ನಿಲ್ಲಬೇಕು ಎಂಬುದಕ್ಕೇ ಒಂದೊಂದು ರಾಜ್ಯದಲ್ಲಿ ಮೊದಲೊಂದು ಚುನಾವಣೆ. ಅಲ್ಲಿ ಬಿದ್ದ ಓಟಿಗೆ ತಕ್ಕಂತೆ ಪ್ರತಿಯೊಬ್ಬ ಆಕಾಂಕ್ಷಿಗೂ ಇಷ್ಟಿಷ್ಟು ಡೆಲಿಗೇಟುಗಳು. ಕೊನೆಗೆ ಎಲ್ಲ ರಾಜ್ಯದ ಡೆಲಿಗೇಟುಗಳೂ ಒಂದು ದೊಡ್ಡ ಸಮಾವೇಶದಲ್ಲಿ ಸೇರುತ್ತಾರೆ. ಅರ್ಧಕ್ಕಿಂತ ಹೆಚ್ಚು ಡೆಲಿಗೇಟುಗಳು ಯಾರ ಕಡೆಯೋ ಅವರು ಆ ಪಕ್ಷದ ಅಭ್ಯರ್ಥಿ.

ಡೆಲಿಗೇಟ್ ಅಂದ ಕೂಡಲೇ ಹಿಂದಿನ ಬೆಂಚಿನವರು ಕಿಸಕ್ಕೆನ್ನುತ್ತಿದ್ದರು. ನಮ್ಮ ಕಡೆ ಈ ಪದ ಹಸುಗೂಸಿಗೂ ಗೊತ್ತು. ಊರೂರಿನ ಹಾಲಿನ ಡೈರಿಯಿಂದ ಒಬ್ಬೊಬ್ಬ ಡೆಲಿಗೇಟ್ ಆಗುತ್ತಾನೆ. ಆ ಡೆಲಿಗೇಟುಗಳೆಲ್ಲ ಸೇರಿ ಮೇಲಿನ ಒಕ್ಕೂಟಕ್ಕೆ ಡೈರೆಕ್ಟರನ್ನು ಆರಿಸಬೇಕು. ಚುನಾವಣೆ ಹತ್ತಿರ ಬಂದರೆ ಸಾಕು, ನಿಂತವರು ಡೆಲಿಗೇಟುಗಳನ್ನು ಬಸ್ಸಿಗೆ ತುಂಬಿಕೊಂಡು ಟೂರ್ ಹೊರಡುತ್ತಾರೆ. ಫೋನಿಗೂ ಸಿಗದೆ ಮಾಯವಾದ ಅಪ್ಪಂದಿರು ಓಟಿನ ದಿನ ನೇರ ಮತಗಟ್ಟೆಯ ಮುಂದೆ ಇಳಿಯುತ್ತಾರೆ, ತಲೆಯ ಮೇಲೆ ಗೋವಾದ ಟೋಪಿ, ಕೈಯಲ್ಲಿ ಧರ್ಮಸ್ಥಳದ ಪ್ರಸಾದ.

ಮೇಷ್ಟ್ರಿಗೆ ಮಾತ್ರ ಆ ಪದ ಕೇಳಿದರೆ ನಗು ಬರುತ್ತಿರಲಿಲ್ಲ. ಮಂಡಿಕಲ್ ಕಡೆ ಅವರ ಹುಟ್ಟೂರು. ಅಲ್ಲಿದ್ದ ಅವರ ಅಣ್ಣ ಒಂದು ಸಲ ಡೈರೆಕ್ಟರ್ ಚುನಾವಣೆಗೆ ನಿಂತಿದ್ದರು. ಡೆಲಿಗೇಟುಗಳು ಮನೆ ದೇವರ ಮುಂದೆ ಕರ್ಪೂರ ಮುಟ್ಟಿ ಆಣೆ ಮಾಡಿದ್ದರು, ಅವರ ಮನೆಯಲ್ಲೇ ಉಂಡಿದ್ದರು, ಅವರದೇ ಬಸ್ಸಿನಲ್ಲಿ ಹೋಗಿ ಬಂದಿದ್ದರು. ಚೀಟಿ ತೆಗೆದು ಎಣಿಸಿದಾಗ ಅಣ್ಣ ನೆಲಕಚ್ಚಿದ್ದರು. ಯಾರು ಕೈಕೊಟ್ಟರು ಎಂದು ಗೊತ್ತಾಗಲಿಲ್ಲ. ಸೋಲಿಗಿಂತ ಅದೇ ಅವರನ್ನು ತಿಂದಿತು. ಮಾರನೇ ದಿನದಿಂದ ಊರಿನಲ್ಲಿ ಎದುರಿಗೆ ಬಂದ ಒಬ್ಬೊಬ್ಬರ ಮುಖವನ್ನೂ ನೀನೇನಾ ಎಂಬಂತೆ ನೋಡುತ್ತಾ ಓಡಾಡಿ, ಕೊನೆಗೆ ಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದರು. "ಗುಟ್ಟಾಗಿ ಹಾಕೋ ಚೀಟಿನಲ್ಲೇ ಕಣ್ರಪ್ಪ ವ್ಯಾಪಾರ ನಡೆಯೋದು. ಮುಖ ನೋಡ್ಕೊಂಡು ಮೋಸ ಮಾಡೋ ಧೈರ್ಯ ಎಲ್ರಿಗೂ ಇರಲ್ಲ" ಎಂದು ಮೇಷ್ಟ್ರು ಹೇಳುವಾಗ ದನಿ ಸಣ್ಣಗಾಗುತ್ತಿತ್ತು.

ಇದಕ್ಕೇ ಇರಬೇಕು, ಅಮೆರಿಕದ ಪದ್ಧತಿಗಳಲ್ಲೆಲ್ಲ ಅವರಿಗೆ ಅಚ್ಚುಮೆಚ್ಚಿನದು ಅಯೋವಾ ಎಂಬ ರಾಜ್ಯದ್ದು. "ಅವರೂ ಮುಸುಕಿನ ಜೋಳ ಬೆಳೆಯೋರೇ, ನಮ್ಮ ಹಂಗೇ" ಎಂದು ಶುರು ಮಾಡುತ್ತಿದ್ದರು. ಅಲ್ಲಿ ಒಂದು ಪಕ್ಷದವರು ಚೀಟಿ ಹಾಕದೆ, ಕೊರೆಯುವ ಚಳಿಯಲ್ಲಿ ಊರಿನ ಸ್ಕೂಲಿಗೆ ಬಂದು ಸೇರುತ್ತಿದ್ದರಂತೆ. ಇಂಥವರ ಕಡೆಯವರು ಈ ಮೂಲೆಗೆ, ಅಂಥವರ ಕಡೆಯವರು ಆ ಮೂಲೆಗೆ ಎಂದು ಎಲ್ಲರೆದುರಿಗೆ ಹೋಗಿ ನಿಲ್ಲುವುದು. ಒಂದು ಮೂಲೆಯಲ್ಲಿ ತೀರಾ ಕಡಿಮೆ ಜನವಿದ್ದರೆ ಆ ಗುಂಪು ಒಡೆದು ಬೇರೆ ಮೂಲೆಗಳಿಗೆ ಹೋಗಬೇಕು. "ಎಂಥ ಮರ್ಯಾದಸ್ತರು ನೋಡಿ. ನಾನು ಇಂಥೋರ ಕಡೆ ಅಂತ ಎದ್ದು ನಿಂತು ತೋರಿಸ್ತಾರೆ."

ನಾವು ಪಿಯುಗೆ ಸೇರಿದ ವರ್ಷ ತರಗತಿಯ ಪ್ರತಿನಿಧಿಯನ್ನು ಹೀಗೇ ಆರಿಸಿದರು. ನಗರಗೆರೆ ಬಸ್ಸಿನವರು, ಮಂಚೇನಹಳ್ಳಿ ಬಸ್ಸಿನವರು, ಊರಿನವರು ಎಂದು ಮೂರು ರಾಜ್ಯ. ಪ್ರತಿ ರಾಜ್ಯದಿಂದ ಡೆಲಿಗೇಟುಗಳು. ಡೆಲಿಗೇಟುಗಳು ಮೂಲೆಗೆ ಹೋಗಿ ನಿಲ್ಲಬೇಕು. ಊರಾಚೆಯ ನಮ್ಮ ಕಾಲೋನಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನು. ತಮಾಷೆಗೆ ಯಾರೋ ನನ್ನ ಹೆಸರು ಹೇಳಿದ್ದರು. ಮೊದಲು ನಮ್ಮ ಬಸ್ಸಿನ ಹುಡುಗಿಯರು ಬಂದು ನನ್ನ ಮೂಲೆಯಲ್ಲಿ ನಿಂತರು. ಅವರನ್ನು ನೋಡಿ ಹಿಂದಿನ ಬೆಂಚಿನ ಪುಂಡರೂ ಬಂದರು. ನಾನು ಗೆದ್ದೆ. ಮೇಷ್ಟ್ರ ಮುಖ ಅಷ್ಟು ಅರಳಿದ್ದನ್ನು ನಾನು ಆಮೇಲೆ ನೋಡಿಲ್ಲ. "ನೋಡ್ದ್ಯಾ? ಚೀಟಿ ಹಾಕ್ಸಿದ್ರೆ ನಿಂಗೆ ಇಷ್ಟು ಬೀಳ್ತಿರಲಿಲ್ಲ. ಎದ್ದು ಬರಬೇಕು ಅಂದಾಗ ಮನುಷ್ಯನಿಗೆ ನಾಚಿಕೆ ಅನ್ನೋದು ಕೆಲಸ ಮಾಡುತ್ತೆ" ಅಂದರು. ನಾನೂ ಅದನ್ನೇ ನಿಜ ಅಂದುಕೊಂಡೆ. ಆ ತರಗತಿಯಲ್ಲಿ ಯಾರಿಗೂ ಯಾರ ಹಂಗೂ ಇರಲಿಲ್ಲ ಎಂಬುದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ನಾನು ಲಾ ಓದಿದೆ, ಗೌರಿಬಿದನೂರಿನಲ್ಲೇ ವಕಾಲತ್ತು ಶುರು ಮಾಡಿದೆ, ಒಂದು ಪಕ್ಷದ ಬಾವುಟ ಹಿಡಿದು ಊರೂರು ತಿರುಗಿದೆ. ಹಿಂದಿನ ಸಲ ಜಿಲ್ಲಾ ಪಂಚಾಯ್ತಿ ಚುನಾವಣೆ ಬಂದಾಗ (ಆಮೇಲೆ ಅದು ಬಂದೇ ಇಲ್ಲ, ಬಿಡಿ) ನಮ್ಮ ಕ್ಷೇತ್ರ ಸಾಮಾನ್ಯ ಮಹಿಳೆಗೆ ಮೀಸಲಾಯಿತು. ನನಗೆ ಆ ಟಿಕೆಟ್ ಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಬಹಳ ಬೇಕಿತ್ತು. ಮೀಸಲು ಕ್ಷೇತ್ರ ಬಂದಾಗ ಮಾತ್ರ ನಮ್ಮ ಜನರ ಮನೆ ಹುಡುಕಿಕೊಂಡು ಬರುವ ಪಕ್ಷದಿಂದ, ಸಾಮಾನ್ಯ ಕ್ಷೇತ್ರದಲ್ಲಿ ನಿಂತು ಗೆದ್ದು ತೋರಿಸಬೇಕು ಎಂಬ ಹಟವಿತ್ತು. ಟಿಕೆಟ್ ಕೇಳಿದವರು ಇನ್ನಿಬ್ಬರು. ಒಬ್ಬಾಕೆ ಸ್ತ್ರೀಶಕ್ತಿ ಸಂಘ ನಡೆಸುತ್ತಿದ್ದವರು. ಇನ್ನೊಬ್ಬಾಕೆ ನಮ್ಮೂರಿನ ಯಜಮಾನರ ಸೊಸೆ. ಯಜಮಾನರು ಅಂದರೆ ನಮ್ಮ ಸುತ್ತಿನಲ್ಲಿ ಹೆಚ್ಚು ಜಮೀನಿರುವವರು, ಊರ ಡೈರಿಯ ಅಧ್ಯಕ್ಷರು, ಪಕ್ಷಕ್ಕೆ ಹಳಬರು. ಸೊಸೆ ಪಾಪ ಬಾಯಿ ಬಿಡುತ್ತಿರಲಿಲ್ಲ; ಟಿಕೆಟ್ ಬೇಕಿದ್ದದ್ದು ಯಜಮಾನರಿಗೆ.

ಯಾರಿಗೆ ಕೊಟ್ಟರೂ ಜಗಳ ಎಂದು ಹೆದರಿದ ಜಿಲ್ಲೆಯ ಮುಖಂಡರು ಒಂದು ಉಪಾಯ ಹೂಡಿದರು. ಪ್ರತಿ ಬೂತ್ ಕಮಿಟಿಯಿಂದ ಇಬ್ಬಿಬ್ಬರು ಡೆಲಿಗೇಟುಗಳು ಬರಲಿ, ಅವರೇ ಅಭ್ಯರ್ಥಿಯನ್ನು ಆರಿಸಲಿ. ನಡೆಸಿಕೊಡಲು ಪಕ್ಷದ ಹೊರಗಿನವರು, ಯಾರೂ ಬೆರಳು ತೋರಿಸಲಾಗದವರು ಬೇಕು. ನಿವೃತ್ತ ಮೇಷ್ಟ್ರ ಹೆಸರು ಬಂತು. "ನನ್ನ ಹೆಸರು ಎವರು ಚೆಪ್ಪಿಂದಿ?" ಎಂದು ಇವರು ಕೇಳಿಯೇ ಕೇಳಿದರು. ಬೆಂಗಳೂರಿನ ವೀಕ್ಷಕರು ಅಂದರಂತೆ. ಅದನ್ನು ಒಂದೇ ಕಡೆ ವಿಚಾರಿಸಿ ಬಿಟ್ಟುಬಿಟ್ಟರು. ಅವರ ಜನ್ಮದಲ್ಲಿ ಹಾಗೆ ಬಿಟ್ಟದ್ದು ಅದೊಂದೇ ಇರಬೇಕು. ಹೆಸರು ಸೂಚಿಸಿದ್ದು ಯಜಮಾನರೇ ಎಂದು ನನಗೆ ಇವತ್ತಿಗೂ ಗುಮಾನಿ. ಡೈರಿ ರಾಜಕೀಯದಲ್ಲಿ ಮೇಷ್ಟ್ರ ಅಣ್ಣನನ್ನು ಹತ್ತಿರದಿಂದ ಕಂಡವರು ಅವರು. ಈ ಮನುಷ್ಯನಿಗೆ ಚೀಟಿ ಕಂಡರಾಗದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಾಕ್ಷಿ ಇಲ್ಲ, ಕೋರ್ಟಿನಲ್ಲಿ ಇದು ನಿಲ್ಲುವುದಿಲ್ಲ.

ಮೇಷ್ಟ್ರು ಒಂದೇ ಷರತ್ತು ಹಾಕಿದರು. ಚೀಟಿ ಬೇಡ. ಎದ್ದು ನಿಲ್ಲಬೇಕು. ಮೂವರು ಆಕಾಂಕ್ಷಿಗಳು, ಮೂರು ಮೂಲೆ. ಮೊದಲ ಸುತ್ತಿನಲ್ಲಿ ಕಡಿಮೆ ಬಂದ ಗುಂಪು ಒಡೆಯಬೇಕು.

ಸುದ್ದಿ ಮುಟ್ಟಿದಾಗ ನಮ್ಮಮ್ಮ ರಾಗಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು. "ಎದ್ದು ನಿಲ್ಲೋದಾ? ಯಜಮಾನರ ಎದುರಿಗಾ? ಯಾರು ನಿಲ್ತಾರಮ್ಮ? ಹೋಗು, ನಿಮ್ಮ ಮೇಷ್ಟ್ರಿಗೆ ಹೇಳು. ಚೀಟಿನೇ ಇರಲಿ ಅನ್ನು." ನಾನು ಹೋದೆ. ಅವರು ಜಗುಲಿಯ ಮೇಲೆ ಕಲ್ಯಾಣಮಂಟಪದ ನಕ್ಷೆ ಬರೆದುಕೊಂಡು, ಯಾವ ಬಾಗಿಲಿಗೆ ಯಾರನ್ನು ನಿಲ್ಲಿಸಬೇಕು ಎಂದು ಯೋಚಿಸುತ್ತಾ ಹುರುಪಿನಲ್ಲಿದ್ದರು. "ಈ ಸಲ ಒಬ್ಬನಿಗೂ ವ್ಯಾಪಾರ ಮಾಡಕ್ಕೆ ಬಿಡಲ್ಲ ಕಣಮ್ಮ. ನಿಂಗೆ ಕೊಟ್ಟ ಮಾತು ನಿನ್ನ ಕಣ್ಣ ಮುಂದೇನೇ ನಡೀಬೇಕು" ಅಂದರು. ನಾನು ಕಾಫಿ ಕುಡಿದು, ಮೇಷ್ಟ್ರ ಮನೆಯ ಅಮ್ಮನ ಮಂಡಿನೋವು ವಿಚಾರಿಸಿ ಎದ್ದು ಬಂದೆ. ಚೀಟಿಯ ಮಾತು ಎತ್ತಲಿಲ್ಲ.

ಅಷ್ಟರಲ್ಲಿ ನಾನು ಎಲ್ಲ ಡೆಲಿಗೇಟುಗಳ ಮನೆಗೂ ಹೋಗಿ ಬಂದಿದ್ದೆ. ಬಹಳ ಜನ ನನ್ನ ಎರಡೂ ಕೈ ಹಿಡಿದುಕೊಂಡು, "ನಿಂಗೇ ಕಣಮ್ಮ" ಅಂದಿದ್ದರು. ಮಾತಿಗೆ ಅಂದವರು ಯಾರು, ಮನಸ್ಸಿನಿಂದ ಅಂದವರು ಯಾರು ಎಂದು ನನಗೆ ಗೊತ್ತಾಗುತ್ತದೆ. ಮನಸ್ಸಿನಿಂದ ಅಂದವರೇ ಹೆಚ್ಚಿದ್ದರು. ನನ್ನ ಸೋದರಮಾವನೂ ಒಬ್ಬ ಡೆಲಿಗೇಟು. ಅಪ್ಪ ಇಲ್ಲದ ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು, ಲಾ ಕಾಲೇಜಿಗೆ ಕಳಿಸಲು ಜಾತಿ ಬಾಂಧವರೊಡನೆಲ್ಲ ಜಗಳವಾಡಿದವನು. "ನಿಂಗಲ್ದೆ ಇನ್ಯಾರಿಗೆ ನಿಲ್ಲಲಿ ತಾಯಿ" ಅಂದ. ಅನ್ನುವಾಗ ನನ್ನ ಮುಖ ನೋಡಲಿಲ್ಲ. ಕೊಟ್ಟಿಗೆಯಲ್ಲಿದ್ದ ಸೀಮೆಹಸುಗಳ ಕಡೆ ನೋಡುತ್ತಿದ್ದ.

ಆ ದಿನ ಬೆಳಗ್ಗೆ ಮಂಚೇನಹಳ್ಳಿಯ ಕಲ್ಯಾಣಮಂಟಪದಲ್ಲಿ ಮೇಷ್ಟ್ರು ಮಾಡಿದ ಬಂದೋಬಸ್ತನ್ನು ನೀವು ನೋಡಬೇಕಿತ್ತು. ಎಲ್ಲರ ಮೊಬೈಲುಗಳನ್ನೂ ಬಾಗಿಲಲ್ಲೇ ಟೊಮೇಟೊ ಕ್ರೇಟಿಗೆ ಹಾಕಿಸಿದರು. ವಧುವಿನ ಕೋಣೆ, ವರನ ಕೋಣೆ, ಪಾತ್ರೆ ಕೋಣೆ ಎಲ್ಲದರೊಳಗೂ ಬಗ್ಗಿ ನೋಡಿ ಬೀಗ ಹಾಕಿಸಿದರು. ಯಾರೋ ಬಿಸ್ಕತ್ತು ಹಂಚಲು ಬಂದರೆ ತಂದವರು ಯಾರು ಎಂದು ಕೇಳಿ ವಾಪಸ್ ಕಳಿಸಿದರು. ಯಜಮಾನರು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಮೇಷ್ಟ್ರು ನೇರ ಅವರ ಹತ್ತಿರವೇ ಹೋದರು.

"ನಿಮ್ಮನ್ನ ಯಾವ ಬೂತಿನೋರು ಕಳಿಸಿದ್ದು?"

"ನಾನು ಡೆಲಿಗೇಟ್ ಅಲ್ಲ ಮೇಷ್ಟ್ರೇ. ಪಕ್ಷದ ಹಿರಿಯ ಅಂತ ಸುಮ್ನೆ ಬಂದೆ."

"ಹಿರಿಯರು ಪಕ್ಕಕ್ಕೆ ಕೂತ್ಕೊಳ್ಳಿ. ಇಲ್ಲಿ ಡೆಲಿಗೇಟುಗಳು ಮಾತ್ರ."

ಯಜಮಾನರು ಸಿಟ್ಟಾಗಲಿಲ್ಲ. "ನ್ಯಾಯವೇ" ಎಂದು ತಾವೇ ಕುರ್ಚಿ ಎತ್ತಿಕೊಂಡು ಹೋಗಿ ಬಾಗಿಲ ಪಕ್ಕ ಹಾಕಿಕೊಂಡರು. ಅಲ್ಲಿಂದ ಮೂರು ಮೂಲೆಗಳೂ ಕಾಣುತ್ತಿದ್ದವು. ದೊಡ್ಡವರನ್ನು ಎಬ್ಬಿಸಿದೆನೆಂಬ ಸಮಾಧಾನದಲ್ಲಿ ಮೇಷ್ಟ್ರು ಅದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ.

"ಏಳ್ರಪ್ಪ, ಏಳ್ರಮ್ಮ. ನಿಮ್ಮ ನಿಮ್ಮ ಮೂಲೆಗೆ ಹೋಗಿ" ಅಂದರು ಮೇಷ್ಟ್ರು.

ಜನ ಎದ್ದರು. ಎದ್ದವರು ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ನೆಲ ನೋಡಿಕೊಂಡು ನಡೆದರು. ನನ್ನ ಕೈ ಹಿಡಿದು ಮಾತು ಕೊಟ್ಟವರು ನನ್ನ ಮುಂದೆಯೇ ಹಾದು ಯಜಮಾನರ ಸೊಸೆಯ ಮೂಲೆಗೆ ಹೋದರು. ನನ್ನ ಮೂಲೆಗೆ ಬಂದವರು ಒಬ್ಬ ದರ್ಜಿ, ಪಿಂಚಣಿ ತೆಗೆದುಕೊಳ್ಳುವ ಒಬ್ಬ ಪೋಸ್ಟ್‌ಮ್ಯಾನ್, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹುಡುಗಿಯರು; ಯಜಮಾನರ ಡೈರಿಗೆ ಹಾಲು ಹಾಕದವರು, ಅವರ ಬದುವಿನಲ್ಲಿ ಹುಲ್ಲು ಕೊಯ್ಯದವರು. ನನ್ನ ಮಾವ ಕೊನೆಗೆ ಎದ್ದ. ಮಂಟಪದ ನಡುವೆ ಬಂದು ಒಂದು ಗಳಿಗೆ ನಿಂತ. ಆಮೇಲೆ ಅವನೂ ಆ ಮೂಲೆಗೆ ಹೋದ, ಹಿಂದಿನ ಸಾಲಿಗೆ, ಗೋಡೆಯ ಕಡೆ ಮುಖ ಮಾಡಿ ನಿಂತ.

ಮೂರರಲ್ಲಿ ಕಡಿಮೆ ಜನ ಇದ್ದದ್ದು ನನ್ನ ಮೂಲೆಯಲ್ಲಿ. ಮೇಷ್ಟ್ರು ಕಿವಿಯ ಹಾಲೆ ಹಿಡಿದುಕೊಂಡು ನೋಡುತ್ತಾ ನಿಂತುಬಿಟ್ಟರು. ಬಾಗಿಲ ಪಕ್ಕದಿಂದ ಯಜಮಾನರು ಬಹಳ ಮರ್ಯಾದೆಯಿಂದ ಕೇಳಿದರು: "ಮೇಷ್ಟ್ರೇ, ರೂಲ್ ಪ್ರಕಾರ ಆ ಗುಂಪು ಒಡೀಬೇಕಲ್ವಾ?"

"ಒಡೀಬೇಕು" ಅಂದರು ಮೇಷ್ಟ್ರು. ಆದರೆ ಒಡೆಯಿರಿ ಎಂದು ನನ್ನ ಕಡೆ ತಿರುಗಿ ಹೇಳಲು ಅವರಿಗೆ ಬಾಯಿ ಬರಲಿಲ್ಲ. ನಾನೇ ಹೇಳಿದೆ. "ಹೋಗ್ರಪ್ಪ. ಹೋಗ್ರಮ್ಮ." ದರ್ಜಿ ಹೋಗಲೊಲ್ಲೆ ಅಂದ. ಬೆನ್ನು ಸವರಿ ಕಳಿಸಿದೆ. ಅವರೆಲ್ಲ ಹೋದ ಮೇಲೆ ಆ ಮೂಲೆಯಲ್ಲಿ ನಾನೊಬ್ಬಳೇ. ಅವಮಾನ ಅಂದರೆ ಏನೆಂದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಅಷ್ಟು ಜನರೆದುರಿಗೆ, ನಾನು ಕಲಿತ ಪಾಠದಿಂದಲೇ ಒಬ್ಬಂಟಿಯಾಗಿ ನಿಂತದ್ದು ಇವತ್ತಿಗೂ ಉರಿಯುತ್ತದೆ.

ಟಿಕೆಟ್ ಯಜಮಾನರ ಸೊಸೆಗೆ ಎಂದಾಗಿ ಎಲ್ಲ ಮುಗಿದ ಮೇಲೆ ಮೇಷ್ಟ್ರು ನನ್ನ ಹತ್ತಿರ ಬಂದು ಪಿಸುಗುಟ್ಟಿದರು. "ಕೊಂಡ್ಕೊಂಡ್ಬಿಟ್ಟಿದಾರೆ ಕಣಮ್ಮ. ನಿಮ್ಮ ಮಾವನ್ನೂ." ನಾನು ಕ್ರೇಟಿನಿಂದ ಮೊಬೈಲು ಎತ್ತಿಕೊಂಡೆ. ಮನೆಗೆ ಬಂದುಬಿಟ್ಟೆ.

ಅಲ್ಲಿಗೆ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ಅವರು ಬಿಡಲಿಲ್ಲ. ಮಾರನೇ ದಿನ ನನ್ನ ಮಾವನ ಮನೆಗೇ ಹೋಗಿದ್ದಾರೆ. ಅತ್ತೆ ಚಾಪೆ ಹಾಸಿ ಕಾಫಿ ಕೊಟ್ಟಿದ್ದಾಳೆ. ಕಾಫಿ ಲೋಟ ಕೈಯಲ್ಲಿಟ್ಟುಕೊಂಡೇ ಕೇಳಿದ್ದಾರೆ: "ನಿಜ ಹೇಳಪ್ಪ. ಎಷ್ಟು ಇಸ್ಕೊಂಡೆ?" ಮಾವ ಎದ್ದು ಕೊಟ್ಟಿಗೆಗೆ ಹೋದನಂತೆ. ಅವರು ಹೋದ ಮೇಲೂ ಅಲ್ಲೇ ಕೂತವನು ಊಟಕ್ಕೂ ಬರಲಿಲ್ಲವಂತೆ. ಅತ್ತೆ ಫೋನಿನಲ್ಲಿ ಅಳುತ್ತಾ ಹೇಳಿದಳು. ನನಗೆ ಸೋತದ್ದು ಮರೆತುಹೋಯಿತು. ಬಸ್ಸು ಹಿಡಿದು ಮಂಚೇನಹಳ್ಳಿಗೆ ಹೋದೆ.

ಮೇಷ್ಟ್ರ ಮನೆ ಜಗುಲಿಯ ಮೇಲೆ ಅಮ್ಮ ಅವರೆಕಾಯಿ ಸುಲಿಯುತ್ತಿದ್ದರು. ನನ್ನ ಮುಖ ನೋಡಿ ಮೊರ ಎತ್ತಿಕೊಂಡು ಒಳಗೆ ಹೋದರು. ಮೇಷ್ಟ್ರು ಕೂರು ಅಂದರು, ನಾನು ಕೂರಲಿಲ್ಲ.

"ನಮ್ಮ ಮಾವ ಯಾರ ಹತ್ರನೂ ಏನೂ ಇಸ್ಕೊಂಡಿಲ್ಲ ಸಾರ್."

"ಮತ್ತೆ ಯಾಕೆ ಆ ಕಡೆ ನಿಂತ?"

"ಅವನ ಮನೆ ನಡೆಯೋದು ಆ ಹಸುಗಳಿಂದ. ಬೆಳಗ್ಗೆ ಎದ್ರೆ ಯಜಮಾನರ ಡೈರಿಗೆ ಹಾಲು ಹಾಕ್ಬೇಕು. ನೀರು ಬೆರೆಸಿದೀಯ ಅಂತ ಒಂದು ದಿನ ಕ್ಯಾನ್ ವಾಪಸ್ ಕಳಿಸಿದ್ರೆ ಸಾಕು, ಇನ್ನೊಂದು ಡೈರಿ ಎಲ್ಲಿದೆ? ಹುಲ್ಲು ತರೋದು ಅವರ ಬದುವಿಂದ. ಅವರು ಬಾಗಿಲಲ್ಲಿ ಕೂತು ನೋಡ್ತಾ ಇದ್ರು ಸಾರ್. ನೀವೇ ಕೂರಿಸಿದ್ರಿ."

ಮೇಷ್ಟ್ರು ಕಿವಿಯ ಹತ್ತಿರ ಕೈ ಒಯ್ದರು, ಹಿಡಿಯಲಿಲ್ಲ. "ಹೆದರಿಕೇನಾ?" ಅಂದರು, ಆ ಪದ ಅದೇ ಮೊದಲು ಕೇಳಿದವರ ಹಾಗೆ.

"ಹೆದರಿಕೆ ಸಾರ್. ಚೀಟಿ ಇದ್ದಿದ್ರೆ ಅವನು ನಂಗೇ ಹಾಕ್ತಿದ್ದ. ಅಲ್ಲಿ ನಿಂತಿದ್ದೋರಲ್ಲಿ ಅರ್ಧಕ್ಕರ್ಧ ಜನ ನಂಗೇ ಹಾಕ್ತಿದ್ರು. ನಿಮ್ಮ ಮನೆಯೋರು ಯಾರ ಡೈರಿಗೂ ಕೈಕಟ್ಟಿ ನಿಂತೋರಲ್ಲ, ನಿಮಗೆ ಮಾರಾಟ ಆಗೋ ಮನುಷ್ಯ ಗೊತ್ತು. ಹೆದರೋ ಮನುಷ್ಯ ಗೊತ್ತಿಲ್ಲ."

ಒಳಗೆ ಅಮ್ಮನ ಬಳೆಯ ಸದ್ದು ನಿಂತಿತ್ತು. ಮೇಷ್ಟ್ರು ಕತ್ತೆತ್ತಿ ನನ್ನನ್ನು ನೋಡಿದರು.

"ನಿಂಗೆ ಇದು ಮೊದಲೇ ಗೊತ್ತಿತ್ತು."

"ಗೊತ್ತಿತ್ತು ಸಾರ್."

"ಆವತ್ತು ಮನೆಗೆ ಬಂದಿದ್ದೆಯಲ್ಲ. ಎದ್ದು ನಿಲ್ಲಿಸಬೇಡಿ, ಚೀಟಿ ಹಾಕ್ಸಿ ಅಂತ ಒಂದು ಮಾತು ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಏನಂದ್ಕೊಳ್ತಿದ್ರಿ ಸಾರ್? ಚೀಟಿ ಯಾಕೆ ಬೇಕು ಇವಳಿಗೆ, ಒಳಗೊಳಗೇ ಯಾರನ್ನ ಕೊಂಡ್ಕೊಂಡಿದಾಳೆ ಅಂತ ನನ್ನ ಮೇಲೇ ಅನುಮಾನ ಪಡ್ತಿರಲಿಲ್ವಾ?"

ಇಲ್ಲಮ್ಮ ಅನ್ನಬಹುದಾಗಿತ್ತು. ನಿನ್ನ ಮೇಲೆ ಎಲ್ಲಾದರೂ ಉಂಟೇ ಅನ್ನಬಹುದಾಗಿತ್ತು. ಆ ಹೊತ್ತಿನಲ್ಲಿ ಅಷ್ಟು ಸುಳ್ಳನ್ನು ಯಾರಾದರೂ ಹೇಳುತ್ತಿದ್ದರು. ಮೇಷ್ಟ್ರು ನಿಜವಾಗಿಯೂ ಯೋಚಿಸಿದರು.

"ಪಡ್ತಿದ್ದೆ ಕಣಮ್ಮ" ಅಂದರು.